ಎರಡು ಕಡಲಿನ ಮೇಲೆ ಒಂದೇ ಮೋಡ

ರಾಣೆಬೆನ್ನೂರಿನ ಒಂದು ಚಿತ್ರಕಲಾ ಶಾಲೆಯಲ್ಲಿ ನಾನು ಈಗಲೂ ವಾರಕ್ಕೊಮ್ಮೆ ಛಾಯಾಚಿತ್ರಕಲೆಯ ಇತಿಹಾಸವನ್ನು ಬೋಧಿಸುತ್ತೇನೆ. ಹಾವೇರಿಯಿಂದ ಬೆಳಗಿನ ಬಸ್ಸಿಗೆ ಹೊರಡುವ ಮುನ್ನ ಸಂಧ್ಯಾವಂದನೆ ಮುಗಿಸಿ, ಈ ವಿದ್ಯೆಯನ್ನು ನನಗೆ ಕೊಟ್ಟ ಗುರುಗಳ ಪಟಕ್ಕೆ ನಮಸ್ಕರಿಸುವುದು ರೂಢಿ. ಅವರು ದಿವಂಗತರಾಗಿ ಬಹಳ ಕಾಲವಾಯಿತು.

ಅವರ ಪಾಠಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕಡಲಿನ ಪಾಠ. ಗಾಜಿನ ಫಲಕದ ಮೇಲೆ ಚಿತ್ರ ಹಿಡಿಯುತ್ತಿದ್ದ ಆ ಮೊದಲ ಕಾಲದಲ್ಲಿ ಫ್ರಾನ್ಸಿನ ಒಬ್ಬ ಛಾಯಾಗ್ರಾಹಕ ಅಲೆಯನ್ನೂ ಅದರ ಮೇಲಿನ ಮೋಡವನ್ನೂ ಒಂದೇ ಕ್ಷಣದಲ್ಲಿ ಹಿಡಿದನೆಂದೂ, ಅದು ತಪಸ್ಸಿಗೆ ಒಲಿದ ದರ್ಶನವೆಂದೂ ಅವರು ಹೇಳುತ್ತಿದ್ದರು. ಗುರುಗಳ ಮಾತೆಂದೇ ಹೇಳಿ, ನಾನೂ ಅದನ್ನು ಎಷ್ಟೋ ತಂಡಗಳಿಗೆ ಒಪ್ಪಿಸಿದೆ.

ಕಳೆದ ವರ್ಷ ಬ್ಯಾಡಗಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ, ಮೆಣಸಿನಕಾಯಿ ವ್ಯಾಪಾರಿಯ ಮಗಳು, ಆ ಛಾಯಾಗ್ರಾಹಕನ ಕಡಲಿನ ಚಿತ್ರಗಳಿದ್ದ ಪುಸ್ತಕದ ಎರಡು ಪುಟಗಳ ನಡುವೆ ಬೆರಳಿಟ್ಟುಕೊಂಡು ಎದ್ದು ನಿಂತಳು.

“ಸರ್, ಇವೆರಡೂ ಬ್ಯಾರೆ ಬ್ಯಾರೆ ಸಮುದ್ರ ಅಲ್ರಿ? ಮ್ಯಾಲಿನ ಮೋಡ ಮಾತ್ರ ಒಂದ ಐತಿ ನೋಡ್ರಿ.”

“ಮೋಡ ಎಲ್ಲಾ ಒಂದ ಥರಾನ ಕಾಣ್ತಾವ. ಕುಂದ್ರವ್ವ,” ಎಂದೆ.

“ಮೆಣಸಿನಕಾಯಿ ಆರಿಸೋ ಕಣ್ಣದು ಸರ್, ಬಿಡಂಗಿಲ್ರಿ,” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ತರಗತಿ ನಕ್ಕಿತು. ಆಕೆ ಕುಳಿತಳು, ಪುಸ್ತಕ ಮಾತ್ರ ಮುಚ್ಚಲಿಲ್ಲ.

ಮನೆಗೆ ಬಂದು ಆ ಎರಡೂ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೋಡದ ಅಂಚು, ಅದರೊಳಗಿನ ಬೆಳಕಿನ ಸೀಳು, ಎರಡರಲ್ಲೂ ಒಂದೇ. ಗ್ರಂಥಗಳನ್ನು ತೆರೆದಾಗ ಸಂದೇಹ ಉಳಿಯಲಿಲ್ಲ. ಆಗಿನ ಫಲಕ ಆಕಾಶದ ಪ್ರಖರತೆಯನ್ನು ತಾಳುತ್ತಿರಲಿಲ್ಲ. ನೀರು ಮೂಡುವಷ್ಟು ಬೆಳಕು ಕೊಟ್ಟರೆ ಬಾನು ಬರಿಯ ಬಿಳುಪಾಗುತ್ತಿತ್ತು. ಆದ್ದರಿಂದ ಆ ಛಾಯಾಗ್ರಾಹಕ ಇಂಥ ಚಿತ್ರಗಳಲ್ಲಿ ಕಡಲನ್ನು ಒಂದು ಫಲಕದಲ್ಲಿ, ಮೋಡವನ್ನು ಇನ್ನೊಂದರಲ್ಲಿ ಹಿಡಿದು, ದಿಗಂತದ ಗೆರೆಯಲ್ಲಿ ಕೂಡಿಸಿ ಮುದ್ರಿಸಿದ್ದ. ಮನಸ್ಸಿಗೊಪ್ಪಿದ ಮೋಡವನ್ನು ಮತ್ತೊಂದು ಕಡಲಿಗೂ ಬಳಸಿದ್ದ.

ಆ ವಾರವಿಡೀ ಜಪಕ್ಕೆ ಕುಳಿತರೆ ಮನಸ್ಸು ನಿಲ್ಲಲಿಲ್ಲ. ಆಕೆಗೆ ಸತ್ಯ ಹೇಳಬೇಕು. ಹೇಳಿದರೆ ಗುರುಗಳು ತಪ್ಪಿದರೆಂದು ನನ್ನ ಬಾಯಿಂದಲೇ ಸಾರಿದಂತಾಗುತ್ತದೆ. ಗುರುನಿಂದೆ ಕೇಳಿಬಂದಲ್ಲಿ ಕಿವಿ ಮುಚ್ಚಿಕೊಳ್ಳಬೇಕು, ಇಲ್ಲವೇ ಎದ್ದು ಹೋಗಬೇಕೆಂದು ಬಾಲ್ಯದಲ್ಲೇ ಕಲಿತವನು ನಾನು. ನನ್ನದೇ ತರಗತಿಯಿಂದ ಎದ್ದು ಎಲ್ಲಿಗೆ ಹೋಗಲಿ?

ಮುಂದಿನ ವಾರ ಎರಡೂ ಚಿತ್ರಗಳನ್ನು ಗೋಡೆಗೆ ಹಚ್ಚಿ, ಕೂಡಿಸುವ ಕ್ರಮವನ್ನು ಆದ್ಯಂತ ವಿವರಿಸಿದೆ. ಆಕೆ ಕಂಡದ್ದೇ ಸರಿಯೆಂದು ಎಲ್ಲರೆದುರು ಹೇಳಿದೆ. ಆಕೆಯ ಮುಖ ಅರಳಿತು. ಆದರೆ ಪ್ರಶ್ನೆ ಮುಗಿದಿರಲಿಲ್ಲ.

“ಮತ್ತ ಒಂದ ಕ್ಷಣದ ದರ್ಶನ ಅಂತ ನಿಮ್ಮ ಗುರುಗಳು ಹೇಳಿದ್ರು ಅಂದಿದ್ರಲ್ರಿ? ಅವರಿಗೆ ಇದು ಗೊತ್ತಿರಲಿಲ್ಲೇನ್ರಿ?”



“ಅವರು ಸರಿಯಾಗೇ ಹೇಳಿದ್ರವ್ವ. ಕೇಳೋದ್ರಾಗ ನಾನ ತಪ್ಪಿದ್ದೆ.”

“ಹಂಗಾರ ಅವರು ಖರೇ ಏನಂತ ಹೇಳಿದ್ರು, ಅದನ್ನ ಬರಸ್ರಿ ಸರ್. ಬರಕೋತೇವಿ.”

ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಎಲ್ಲರೂ ಪೆನ್ನು ತೆಗೆದರು. ಗುರುಗಳು ಎಂದೂ ಆಡದ ವಾಕ್ಯವೊಂದನ್ನು ಅವರ ಹೆಸರಿನಲ್ಲಿ ನಿಧಾನವಾಗಿ ಕಟ್ಟತೊಡಗಿದೆ. ಆಕೆ ಒಂದು ಪದವನ್ನೂ ಬಿಡದೆ ಬರೆದುಕೊಂಡಳು; ನಡುವೆ ತಲೆಯೆತ್ತಿ, “ಇನ್ನೊಮ್ಮೆ ಹೇಳ್ರಿ,” ಎಂದಳು.

ಇನ್ನೊಮ್ಮೆ ಹೇಳಿದೆ.