ಎಣ್ಣೆ ಮುಗಿಯುವ ಜಾಗ

ಅಮೆರಿಕಕ್ಕೆ ಬಂದ ಮೇಲೆ ನಾನು ಮೊದಲು ಜಾರಿ ಬಿದ್ದದ್ದು ಹಿಮದ ಮೇಲಲ್ಲ, ಎಣ್ಣೆಯ ಮೇಲೆ. ಅದೂ ಬೂಟು ಬಿಚ್ಚಿಟ್ಟು, ಇಸ್ತ್ರಿ ಮಾಡಿದ ಚೂಡಿದಾರದಲ್ಲಿ, ಇಪ್ಪತ್ತು ಮಂದಿ ಹೆಂಗಸರ ಕಣ್ಣೆದುರಿಗೆ.

ಆ ಜಾಗಕ್ಕೆ ಬೌಲಿಂಗ್ ಆಲಿ ಎನ್ನುತ್ತಾರೆ. ಒಂದರ ಪಕ್ಕ ಒಂದು ಉದ್ದನೆಯ ಮರದ ಹಾಸುಗಳು, ಅವಕ್ಕೆ ಲೇನ್ ಎಂದು ಹೆಸರು. ತುದಿಯಲ್ಲಿ ಬಾಟಲಿಯಂತಹ ಹತ್ತು ಪಿನ್ನುಗಳು. ಭಾರದ ಚೆಂಡು ಉರುಳಿಸಿ ಅವನ್ನು ಕೆಡವಬೇಕು. ಎರಡೂ ಅಂಚಿನಲ್ಲಿರುವ ಕಾಲುವೆ ಗಟರ್. ಆಡಲು ಕೊಡುವ ಬೂಟು ಯಾರ್ಯಾರೋ ಹಾಕಿ ಬಿಟ್ಟದ್ದು. ಮುಖ ಕಾಣುವಷ್ಟು ಹೊಳೆಯುತ್ತಿದ್ದ ಆ ನೆಲಕ್ಕೆ ಅದನ್ನು ಮೆಟ್ಟಿಕೊಂಡು ಹೋಗಲು ನನಗೆ ಮನಸ್ಸೇ ಬರಲಿಲ್ಲ. ನಮ್ಮ ಕಡೆ ಸಾರಿಸಿದ ನೆಲ ಕಂಡರೆ ಚಪ್ಪಲಿ ತಾನಾಗಿ ಕಳಚಿಕೊಳ್ಳುತ್ತದಲ್ಲ, ಹಾಗೆ ಬೂಟನ್ನು ಜೋಡಿಸಿ ಬದಿಗಿಟ್ಟು, ಅಲ್ಲಿ ಎಳೆದಿದ್ದ ಕಪ್ಪು ಗೆರೆಯನ್ನೂ ದಾಟಿ ಎರಡು ಹೆಜ್ಜೆ ಇಟ್ಟೆ. ಮರುಕ್ಷಣ ಚಾವಣಿ ಕಂಡಿತು.

ಎತ್ತಿದವರು ಡೋನಾ. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ, ಎದುರುಮನೆಯ ಎಪ್ಪತ್ತರ ಹೆಂಗಸು.

“ಗೆರೆಯಾಚೆ ಎಣ್ಣೆ ಬಳಿದಿರುತ್ತಾರೆ ಹನಿ, ಅಲ್ಲಿಗೆ ಯಾರೂ ಹೋಗುವುದಿಲ್ಲ,” ಎಂದರು. ಹನಿ ಎಂದರೆ ಜೇನು. ಇಲ್ಲಿ ತರಕಾರಿ ತೂಗುವವಳೂ ಹಾಗೆಯೇ ಕರೆಯುತ್ತಾಳೆ.

ಅಂಗೈ ಮೂಸಿ ನೋಡಿದೆ, ಏನೂ ವಾಸನೆಯಿಲ್ಲ. ನಮ್ಮೂರು ಕೌದಳ್ಳಿಯಲ್ಲಿ ನಮ್ಮಪ್ಪನದು ಎಣ್ಣೆ ಅಂಗಡಿ. ನನ್ನ ಕಾನ್ವೆಂಟಿನ ನೋಟುಬುಕ್ಕುಗಳಿಗೂ ಕಡಲೆಕಾಯಿ ಎಣ್ಣೆಯ ವಾಸನೆ ಅಂಟಿರುತ್ತಿತ್ತು. ವಾಸನೆಯಿಲ್ಲದ ಎಣ್ಣೆಯೂ ಉಂಟೆಂದು ತಿಳಿದದ್ದು ಆವತ್ತೇ.

ಹಾಲು ಕರೆಯುವ ಯಂತ್ರಗಳ ಕಾರ್ಖಾನೆಯವರು ನಮ್ಮೆಜಮಾನರನ್ನು ಮೈಸೂರಿನಿಂದ ವಿಸ್ಕಾನ್ಸಿನ್‌ನ ಈ ಪುಟ್ಟ ಊರಿಗೆ ಕಳಿಸಿ ಆಗ ಎಂಟು ತಿಂಗಳಾಗಿತ್ತು. ಕೌದಳ್ಳಿಯಲ್ಲಿ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ನಾಲ್ಕು ಜನ “ಊಟ ಆಯ್ತಾ?” ಎನ್ನುತ್ತಾರೆ, ಉತ್ತರ ಕೇಳಿಯೇ ಬಿಡುತ್ತಾರೆ. ಇಲ್ಲಿಯೂ ಹೇಗಿದ್ದೀರಿ ಎನ್ನುತ್ತಾರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಸಿಸ್ಟರುಗಳು ತಿದ್ದಿ ತೀಡಿದ ನನ್ನ ಇಂಗ್ಲಿಷು, ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಮಡಿಕೆ ಬಿಚ್ಚದೇ ಕುಳಿತಿತ್ತು.

ಡೋನಾ ಅವರದು ನಾಲ್ವರ ತಂಡ, ಮಂಗಳವಾರ ಬೆಳಿಗ್ಗೆ ಆಟ. ಒಬ್ಬಾಕೆ ಊರು ಬಿಟ್ಟಿದ್ದರು. “ನಾಲ್ಕು ಮಂಗಳವಾರ ಬಾ. ಅಷ್ಟರಲ್ಲಿ ಚೆಂಡು ಗಟರಿಗೆ ಬೀಳುವುದು ನಿಂತರೆ ಜಾಗ ನಿನ್ನದು. ಇಲ್ಲದಿದ್ದರೆ ನನ್ನ ನಾದಿನಿಯನ್ನು ಕರೆಯಬೇಕಾಗುತ್ತದೆ,” ಎಂದಿದ್ದರು. ನಾನು ನಕ್ಕು ತಲೆಯಾಡಿಸಿದ್ದೆ. ಆದರೆ ಆ ಜಾಗ ನನಗೆ ಎಷ್ಟು ಬೇಕಾಗಿತ್ತೆಂದು ಯಾರಿಗೂ ಹೇಳಲಿಲ್ಲ. ಒಂದು ದಿನ ನಾನು ಬಾರದಿದ್ದರೆ, ಯಾಕೆ ಬರಲಿಲ್ಲ ಎಂದು ಕೇಳುವ ಮೂರು ಜನ ಈ ಊರಲ್ಲಿ ಇರುತ್ತಾರಲ್ಲ!

ಡೋನಾ ಚೆಂಡು ಬಿಡುವುದನ್ನು ನೋಡಬೇಕು. ಬಲ ಅಂಚಿಗೇ ಬಿಡುತ್ತಾರೆ. ಸದ್ದಿಲ್ಲದೆ ಜಾರುತ್ತಾ ಹೋಗುತ್ತದೆ. ಇನ್ನೇನು ಗಟರಿಗೆ ಬಿತ್ತು ಅನ್ನುವಾಗ, ಬಾಗಿಲ ತನಕ ಹೋದವಳು ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಗಿರಕ್ಕನೆ ತಿರುಗುತ್ತಾಳಲ್ಲ, ಹಾಗೆ ಎಡಕ್ಕೆ ತಿರುಗಿ, ಮೊದಲ ಪಿನ್ನಿನ ಪಕ್ಕದ ಸಂದಿಗೇ ನುಗ್ಗುತ್ತದೆ. ಹತ್ತೂ ನೆಲಕ್ಕೆ. ಈ ತಿರುವಿಗೆ ಹುಕ್, ಅಂದರೆ ಕೊಕ್ಕೆ, ಎಂದು ಹೆಸರು. ಚೆಂಡಿನ ಮೂರು ತೂತುಗಳಲ್ಲಿ ಬೆರಳು ತೂರಿಸಿ ಹಿಡಿದು, ಹೆಬ್ಬೆರಳು ಮೊದಲು ಬಿಡಬೇಕು, ಉಳಿದ ಎರಡು ಬೆರಳು ಆಮೇಲೆ; ಕೊನೆಯಲ್ಲಿ ಕೈ, ಯಾರಿಗೋ ಹಸ್ತಲಾಘವ ಕೊಡುವ ಹಾಗೆ ನಿಲ್ಲಬೇಕು. ಆಗ ಚೆಂಡು ತನ್ನಷ್ಟಕ್ಕೆ ಸುತ್ತತೊಡಗುತ್ತದೆ.

ಎರಡು ಮಂಗಳವಾರ ನಾನೂ ಹಾಗೆಯೇ ಮಾಡಿದೆ. ಚೆಂಡು ಎಲ್ಲಿಯೂ ತಿರುಗದೆ ನೆಟ್ಟಗೆ ಹೋಗಿ ಗಟರಿಗೆ ಬಿತ್ತು.

ಮೂರನೆಯ ವಾರ ಅತ್ತೆ ಬಂದಿದ್ದರು, ನಮ್ಮೆಜಮಾನರ ಊರು ಶಾಗ್ಯದಿಂದ, ಮೂರು ತಿಂಗಳಿರಲು. ಸೀರೆಯ ಮೇಲೆ ಮಗನ ಸ್ವೆಟರು ತೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತರು.

“ಇದೇನವ್ವ, ಬುಟ್ಟಿದ್ದೆಲ್ಲ ಚರಂಡಿಗೆ ಓಯ್ತಾ ಅದೆ?”

“ಕೊನೇಲಿ ಅದು ಕೊಕ್ಕೆ ಹಾಕ್ಬೇಕು ಅತ್ತೆ. ನಂಗೆ ಬರ್ತಿಲ್ಲ.”

“ಕೊಕ್ಕೆ ಆಕದ ನಿಂಗ್ ಯಾರಾರ ಯೋಳ್ಕೊಡ್ಬೇಕಾ? ನನ್ ಮಗ ಒಂದ್ ಮಾತಾಡಿದ್ರೆ ಎಲ್ಡ್ ಕೊಕ್ಕೆ ಆಕ್ತೀಯ!”

ನಾನು ನಕ್ಕಿದ್ದಕ್ಕೆ ಡೋನಾ ಏನೆಂದು ಕೇಳಿದರು. ಅನುವಾದಿಸಿ ಹೇಳಿದೆ. ಅವರು ಅತ್ತೆಯ ತೊಡೆ ತಟ್ಟಿ ನನಗಿಂತ ಜೋರಾಗಿ ನಕ್ಕರು. ಆಮೇಲೆ ಅತ್ತೆಗೆ ಎಣ್ಣೆಯ ಸಂಗತಿ ವಿವರಿಸಿದೆ. ಲೇನಿನ ಮುಕ್ಕಾಲು ಭಾಗದ ಹತ್ತಿರದವರೆಗೆ ಎಣ್ಣೆ, ಪಿನ್ನುಗಳ ಮುಂದೆ ಒಣ ಮರ. ಅವರು ಒಂದಷ್ಟು ಹೊತ್ತು ಡೋನಾ ಕೈಯನ್ನೂ ನನ್ನ ಕೈಯನ್ನೂ ನೋಡಿದರು.

“ಗದ್ದೆ ಕೆಸ್ರಲ್ಲಿ ಟ್ಯಾಕ್ಟ್ರು ಗಾಲಿ ಗಿರ್ರಂತ ಸುತ್ತದೆ, ಬಂಡಿ ಮಾತ್ರ ಅಲ್ಲೇ ಇರ್ತದೆ. ಒಣಾ ನೆಲ ಸಿಕ್ದೇಟ್ಗೆ ಗಪ್ಪಂತ ಕಚ್ಕಂಡು ಎಳೀತದೆ. ಈ ಗುಂಡೂ ಅಂಗೇ ಕಣವ್ವ. ನೀನು ನಾಯಿ ಅಟ್ಟೋರ್ ತರ ಬೀಸಿದ್ರೆ ಕಚ್ಕಳಾಕೆ ಅದ್ಕೆ ಪುರುಸೊತ್ತೆಲ್ಲದೆ? ಜಾರೋ ಕಡೆ ಜಾರ್ಲಿ ಬುಡು. ಒಣಗಿದ್ ಕಡೆ ಅದೇ ತಿರೀಕತದೆ.”

ತಪ್ಪು ಅದೇ ಆಗಿತ್ತು. ಗಟರಿನ ಭಯಕ್ಕೆ ನಾನು ಬಲವೆಲ್ಲ ಹಾಕಿ ಎಸೆಯುತ್ತಿದ್ದೆ. ಚೆಂಡು ಸುತ್ತುತ್ತಲೇ ಇತ್ತು; ಹಿಡಿದುಕೊಳ್ಳಲು ನೆಲ ಸಿಗುವ ಮೊದಲೇ ದಾರಿ ಮುಗಿಯುತ್ತಿತ್ತು. ಶಾಗ್ಯದ ಹೊಲ ಬಿಟ್ಟು ಬೇರೆ ಆಟ ಕಾಣದ ಅತ್ತೆ ಇದನ್ನು ಕುರ್ಚಿಯಲ್ಲಿ ಕುಳಿತೇ ಕಂಡುಕೊಂಡರು.

ನಾಲ್ಕನೆಯ ಮಂಗಳವಾರ ನಿಧಾನವಾಗಿ ಬಿಟ್ಟೆ. ಮೊದಲೆರಡು ಸಲ ಗಟರೇ. ಮೂರನೆಯದು ಬಲ ಅಂಚು ಹಿಡಿದು ಹೊರಟಿತು. ಜಾರಿತು, ಇನ್ನೂ ಜಾರಿತು, ನನ್ನ ಎದೆಯೂ ಜೊತೆಗೇ ಜಾರಿತು. ಎಣ್ಣೆ ಮುಗಿಯಿತು. ಚೆಂಡು ಒಮ್ಮೆ ತಡೆದಂತಾಗಿ, ಎಡಕ್ಕೆ ತಿರುಗಿತು! ಒಂಬತ್ತು ಪಿನ್ನು ಬಿದ್ದವು. ಹತ್ತನೆಯದು ತೂರಾಡಿ ನಿಂತುಕೊಂಡಿತು. ಆಮೇಲೆ ಆವತ್ತು ಒಂದೇ ಒಂದು ಚೆಂಡೂ ಗಟರಿಗೆ ಬೀಳಲಿಲ್ಲ.

ಡೋನಾ ತಂಡದ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಹೆಸರು, ಫೋನು, ಹೋಮ್. ಕಾನ್ವೆಂಟಿನ ಕೂಡಕ್ಷರದಲ್ಲಿ ಮೂರನ್ನೂ ತುಂಬಿದೆ.

“ಕೌದಳ್ಳಿ?” ಡೋನಾ ಕಷ್ಟಪಟ್ಟು ಓದಿದರು. “ಹೋಮ್ ಎಂದರೆ ನೀನು ಆಡುವ ಆಲಿಯ ಹೆಸರು, ಹನಿ. ಅಲ್ಲಿ ಎಷ್ಟು ಲೇನ್ ಇವೆ?”

ಕಣ್ಣ ಮುಂದೆ ಬಂದದ್ದು ಅಪ್ಪನ ಅಂಗಡಿ ಮುಂದಿನ, ಬೆಟ್ಟಕ್ಕೆ ಹೋಗುವ ಒಂಟಿ ರಸ್ತೆ. “ಒಂದೇ,” ಎಂದೆ.

ಅವರು ನನ್ನ ಅಕ್ಷರವನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೇ ಈ ಆಲಿಯ ಹೆಸರನ್ನೂ ಬರೆದರು.

“ಏನಂತವ್ವ?” ಹಿಂದಿನ ಕುರ್ಚಿಯಿಂದ ಅತ್ತೆ ಕುತ್ತಿಗೆ ಚಾಚಿದರು.

“ಊರು ಯಾವುದು ಅಂತ ಬರೀಬೇಕಿತ್ತು ಅತ್ತೆ. ಎರಡೂ ಬರೆದಿದೀವಿ.”

“ಎಲ್ಡೂವಾ?” ಅತ್ತೆ ಗಾಬರಿಯಾದರು. “ಎಲ್ಡೂರಲ್ ಎಸ್ರಿದ್ರೆ ಎಲ್ಲೂ ರೇಸನ್ ಕೊಡಾಕಿಲ್ಲ ಕಣವ್ವ!”