ಪಿಂಗಾಣಿ ಕೈಗಳ ಫಕ್ರುನ್ನೀಸಾ

ಹರಿಹರದ ಹೊರವಲಯದ ಪಿಂಗಾಣಿ ಕಾರ್ಖಾನೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಉದ್ದನೆಯ ಮೇಜಿನ ಮೇಲೆ ಬಿಳಿಯ ಕೈಗಳು ಸಾಲಾಗಿ ನಿಂತಿವೆ. ಮೊಣಕೈವರೆಗೆ ಮಾತ್ರ, ಬೆರಳುಗಳೆಲ್ಲ ಮೇಲಕ್ಕೆ. ಫಕ್ರುನ್ನೀಸಾ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಕಿರುಬೆರಳಿನ ಸಂದನ್ನು ಸಣ್ಣ ಚಾಕುವಿನಿಂದ ಹೆರೆಯುತ್ತಿದ್ದಾರೆ. ಹೆರೆದು, ಕಣ್ಣು ಮುಚ್ಚಿ ಸವರಿ ನೋಡುತ್ತಾರೆ. ಮತ್ತೆ ಹೆರೆಯುತ್ತಾರೆ. ದಾವಣಗೆರೆಯ ವಿನೋಬನಗರದಿಂದ ಮೊದಲ ಬಸ್ಸಿಗೇ ಬಂದವರ ಚಹಾ ಪಕ್ಕದಲ್ಲಿ ಆರುತ್ತಿದೆ.

ಆಸ್ಪತ್ರೆಯವರು ತೊಡುವ ರಬ್ಬರ್ ಗ್ಲೌಸ್ ಹುಟ್ಟುವುದು ಇಂಥ ಕೈಗಳ ಮೇಲೆ. ಗ್ಲೌಸ್ ಕಂಪನಿಯವರು ಪಿಂಗಾಣಿ ಕೈಯನ್ನು ರಬ್ಬರ್ ಹಾಲಿನಲ್ಲಿ ಅದ್ದಿ, ಒಣಗಿಸಿ, ಸುಲಿದು ತೆಗೆಯುತ್ತಾರೆ. ಆ ಪಿಂಗಾಣಿ ಕೈಗೆ ಅಚ್ಚು ಬೇಕು, ಅಚ್ಚಿಗೆ ಮೊದಲೊಂದು ಮಾದರಿ ಬೇಕು. ಪ್ಲಾಸ್ಟರಿನಲ್ಲಿ ಮಾದರಿ ಕೆತ್ತಿ ಅಚ್ಚು ತೆಗೆಯುವುದು ಫಕ್ರುನ್ನೀಸಾ ಅವರ ಕೆಲಸ. ಅವರ ಮೇಜಿನ ಕೈಗಳು ಮನುಷ್ಯರ ಕೈಗಿಂತ ದೊಡ್ಡವು. ಏಕೆಂದರೆ ಅಚ್ಚಿಗೆ ಹೊಯ್ದ ಮಣ್ಣು ಒಣಗಿ, ಭಟ್ಟಿಯಲ್ಲಿ ಬೆಂದು ಹೊರಬರುವಷ್ಟರಲ್ಲಿ ಎಂಟರಲ್ಲೊಂದು ಪಾಲು ಕುಗ್ಗಿರುತ್ತದೆ. "ಬೆಂಕಿ ತನ್ನ ಪಾಲು ತಗಂತೈತೆ ರೀ. ಅದನ್ನ ಮೊದ್ಲೇ ಸೇರಿಸಿ ಕೆತ್ತಬೇಕು" ಎನ್ನುತ್ತಾರೆ.

ಅವರು ಈ ಕೆಲಸ ಹುಡುಕಿಕೊಂಡು ಬಂದವರಲ್ಲ. ಗಂಡ ಖಾಜಾ ಹುಸೇನ್ ಜೊತೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಹೊಗೆ ಎದೆಗೆ ಕೂತು ಕೆಮ್ಮು ಬಿಡದಾದಾಗ ಅಲ್ಲಿಂದ ಹೊರಬಿದ್ದು, ಇಲ್ಲಿ ಅಚ್ಚು ತೊಳೆಯಲು ಸೇರಿದರು. ಮಾದರಿ ಕೆತ್ತುತ್ತಿದ್ದ ವಾಮದೇವಪ್ಪ ಒಮ್ಮೆ, ಒಡೆದ ಬೆರಳೊಂದನ್ನು ಇವರು ಯಾರೂ ಹೇಳದೆ ಸರಿಪಡಿಸಿದ್ದನ್ನು ಕಂಡರು. ಬೈಯಲಿಲ್ಲ, ಮರುದಿನ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಅವರು ನಿವೃತ್ತರಾದ ಮೇಲೆ ಮೇಜು ಇವರದಾಯಿತು.

ಎರಡು ವರ್ಷದ ಹಿಂದಿನ ಮಾತು. ಫಕ್ರುನ್ನೀಸಾ ಅವರ ತಂಗಿಯ ಮಗಳು ಆಲಿಯಾ ದಾವಣಗೆರೆಯ ಆಸ್ಪತ್ರೆಯೊಂದರ ಆಪರೇಷನ್ ವಾರ್ಡಿನಲ್ಲಿ ನರ್ಸು. ಕೆಲಸದ ನಡುವೆ ಅವಳ ಬೆರಳಿಗೆ ಸೂಜಿ ಚುಚ್ಚಿತು. ರೋಗಿಯ ರಕ್ತ ತಾಗಿದ ಸೂಜಿ. ಪರೀಕ್ಷೆಗಳೆಲ್ಲ ಮುಗಿದು ಏನೂ ಇಲ್ಲವೆಂದು ತಿಳಿಯುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೊಂದು ದಿನ ಆಲಿಯಾ ಗ್ಲೌಸ್ ತೊಟ್ಟು ತುದಿ ಹಿಡಿದು ತೋರಿಸಿದಳು. "ಖಾಲಾ, ಬೆರಳು ಇಲ್ಲಿಗೇ ಮುಗೀತು. ರಬ್ಬರು ಇನ್ನೂ ಮುಂದಕ್ಕೈತೆ ನೋಡು. ಸೂಜಿ ಹಿಡಿದ್ರೆ ಜಾರ್ತೈತೆ."

ಆ ಗ್ಲೌಸನ್ನು ಫಕ್ರುನ್ನೀಸಾ ಕಾರ್ಖಾನೆಗೆ ತಂದು ಸಣ್ಣ ಅಳತೆಯ ಪಿಂಗಾಣಿ ಕೈಗೆ ಹಾಕಿ ನೋಡಿದರು. ಸುಕ್ಕಿಲ್ಲದೆ ಕೂತಿತು. ತಮಗಿಂತ ಹಿಂದಿನಿಂದಲೂ ಬಂದ ಆ ಮಾದರಿಯನ್ನು ಅಂದು ಮೊದಲ ಸಲ ಹೊಸಬರಂತೆ ನೋಡಿದರು. ಅದು ಸಣ್ಣ ಕೈಯೇ ಅಲ್ಲ, ಗಂಡಸಿನ ಕೈಯನ್ನು ಚಿಕ್ಕದು ಮಾಡಿದ್ದು. ಅಂಗೈ ಕಿರಿದು, ಬೆರಳು ಉದ್ದ.

ಹೊಸ ಮಾದರಿ ಮಾಡುತ್ತೇನೆಂದಾಗ ಮಾಲೀಕ ಶಿವಕುಮಾರ ಹಿಂದೆಮುಂದೆ ನೋಡಿದರು. ಗಿರಾಕಿಗಳು ಒಪ್ಪಿದ ಅಳತೆ ಬದಲಿಸಿದರೆ ಯಾರಿಗೆ ಉತ್ತರ ಹೇಳುವುದು ಎಂಬುದು ಅವರ ಚಿಂತೆ. ಕೊನೆಗೆ ಬಿಡುವಿನಲ್ಲಿ ಮಾಡುವುದಾದರೆ ಮಾಡಿ ಎಂದರು.

ಭಾನುವಾರ ಮನೆಯಲ್ಲೇ ಆಲಿಯಾಳ ಕೈಗೆ ಎಣ್ಣೆ ಹಚ್ಚಿ ಪ್ಲಾಸ್ಟರ್ ಮೆತ್ತಿದರು. ಗಟ್ಟಿಯಾಗುತ್ತಾ ಅದು ಬಿಸಿಯೇರಿತು. ಮುರಿದ ಕೈಗಳಿಗೆ ವರ್ಷಗಟ್ಟಲೆ ಪ್ಲಾಸ್ಟರ್ ಹಾಕಿದ ನರ್ಸಮ್ಮ ತನ್ನ ಕೈ ಸಿಕ್ಕಿಕೊಂಡಿತೆಂದು ಹೆದರಿ ಎದ್ದು ನಿಂತಿದ್ದನ್ನು ಹೇಳಿಕೊಂಡು ಮನೆಮಂದಿ ಈಗಲೂ ನಗುತ್ತಾರೆ.

ಆ ಕೈಯ ಗೆಣ್ಣುಗೆಣ್ಣಿನ ಅಳತೆ ಹಿಡಿದು ದೊಡ್ಡದಾಗಿ ಕೆತ್ತಿದ ಮಾದರಿಯಿಂದ ಬಂದ ಮೊದಲ ಕೈ ಭಟ್ಟಿಯಲ್ಲಿ ಹೆಬ್ಬೆರಳ ಬುಡಕ್ಕೆ ಬಿರುಕುಬಿಟ್ಟಿತು. ಎರಡನೆಯದೂ ಅಲ್ಲೇ. ಶಿವಕುಮಾರ ಇನ್ನು ಸಾಕು ಎನ್ನುವಷ್ಟರಲ್ಲಿ ಫಕ್ರುನ್ನೀಸಾಗೆ ಅಚ್ಚಿನ ಮೇಲೆ ಅನುಮಾನ ಬಂತು. ಎರಡು ಹೋಳು ಕೂಡುವ ಗೆರೆ ಸರಿಯಾಗಿ ಆ ಬುಡದ ಮೇಲೇ ಹಾಯ್ದಿತ್ತು. ಗೆರೆಯನ್ನು ಪಕ್ಕಕ್ಕೆ ಸರಿಸಿ, ಮೂರು ಹೋಳಿನ ಅಚ್ಚು ಮಾಡಿದರು. ಈ ಸಲ ಭಟ್ಟಿಯಿಂದ ಇಳಿದ ಕೈಯನ್ನು ತಟ್ಟಿದರೆ ಕಂಚಿನಂತೆ ದನಿ ಕೊಟ್ಟಿತು.

ಗ್ಲೌಸ್ ಕಂಪನಿ ಅದರಿಂದ ತೆಗೆದ ಕೆಲವು ಜೋಡಿ ಕಳಿಸಿತು. ಆಲಿಯಾ ಒಂದನ್ನು ತೊಟ್ಟು, ಸೂಜಿಗೆ ದಾರ ಪೋಣಿಸಿ, ದಿಂಬಿನ ಮೂಲೆಗೆ ನಾಲ್ಕು ಹೊಲಿಗೆ ಹಾಕಿದಳು. ಬೆರಳ ತುದಿಯನ್ನು ಹಿಡಿದು ನೋಡಿ, ಇನ್ನೂ ನಾಲ್ಕು ಹಾಕಿದಳು. ಈಗ ಆ ಕಂಪನಿಗೆ ಸಣ್ಣ ಅಳತೆಯೆಂದು ಹೋಗುವುದು ಈ ಕೈಯೇ. ಅದರ ಮೇಲೆ ಅಳತೆಯ ಅಂಕಿ ಇದೆ, ಯಾರ ಹೆಸರೂ ಇಲ್ಲ.

ಇವತ್ತು ತೊಡೆಯ ಮೇಲಿರುವ ಮಾದರಿಯನ್ನು ಯಾರೂ ಕೇಳಿಲ್ಲ. ಅದು ವಿನೋಬನಗರದ ಬೀದಿ ಗುಡಿಸುವ ಅಂಜಿನವ್ವನ ಕೈ. ಆಕೆಗೆ ಕೊಡುವ ದಪ್ಪ ಗ್ಲೌಸ್ ಗಂಡಸರ ಅಳತೆಯದು. ಕಳಚಿ ಬೀಳುತ್ತದೆಂದು ಸೊಂಟಕ್ಕೆ ಸಿಕ್ಕಿಸಿ ಬರಿಗೈಯಲ್ಲಿ ಕಸ ಎತ್ತುತ್ತಾರೆ. ಕೈ ಕೊಡಿ ಎಂದಾಗ ಅಂಜಿನವ್ವ ನಾಚಿ ಸೆರಗಿನೊಳಗೆ ಎಳೆದುಕೊಂಡರಂತೆ. ಮಾರನೆಯ ವಾರ ತಾವೇ ತಿಕ್ಕಿ ತೊಳೆದುಕೊಂಡು ಬಂದರಂತೆ.

ದಪ್ಪ ಗ್ಲೌಸ್ ಮಾಡುವವರಿಗೆ ತೋರಿಸುತ್ತೇನೆ ಎಂದಷ್ಟೇ ಶಿವಕುಮಾರ ಹೇಳಿದ್ದಾರೆ. ಫಕ್ರುನ್ನೀಸಾ ಹೆರೆದ ಪುಡಿಯನ್ನು ಊದಿ, ಮಾದರಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತಾರೆ.

"ಪೊರಕೆ ಹಿಡಿದೂ ಹಿಡಿದೂ ಹೆಬ್ಬೆಟ್ಟು ಒಳಕ್ಕೆ ಬಾಗೈತೆ ರೀ. ಅವರ ಜೊತೆ ಗುಡಿಸೋರದ್ದೂ ನೋಡೀನಿ, ಎಲ್ಲಾರ್ದೂ ಹಂಗೇ ಐತೆ. ಅದಕ್ಕೇ ನಾನು ನೆಟ್ಟಗೆ ಮಾಡೋಕೆ ಹೋಗಿಲ್ಲ."