ಕಾಲು ತಾಗಿದರೆ

ಸಾಂಗಲಿಯ ಟ್ಯಾಂಗೋ ನೃತ್ಯದ ಕ್ಲಾಸಿನಲ್ಲಿ ನನಗೆ ಜೋಡಿಯಾಗಿ ಸಿಕ್ಕವರು ನಮ್ಮವ್ವನ ವಯಸ್ಸಿನ ಒಬ್ಬರು ಕಾಕು, ಅಂದರೆ ಚಿಕ್ಕಮ್ಮನಂಥವರು. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾರದೆ ಮಿರಜಿನಿಂದ ಬರುತ್ತಿದ್ದರು. ಹಣೆಗೆ ಹಣೆ ತಾಗುವಷ್ಟು ಹತ್ತಿರ ನಿಲ್ಲಿ ಅಂತ ಮಾಸ್ತರರು ಮರಾಠಿಯಲ್ಲಿ ಹೇಳುತ್ತಲೇ ಇದ್ದರು. ನಾವು ನಡುವೆ ಒಂದು ಕುರ್ಚಿ ಹಾಕುವಷ್ಟು ಜಾಗ ಬಿಟ್ಟಿದ್ದೆವು.

ಹಾಡು ಶುರುವಾದ ಕೂಡಲೇ ಅವರ ಕಾಲು ತುಳಿದೆ. ಹಿರಿಯರಿಗೆ ಕಾಲು ತಾಗಿದರೆ ಸುಮ್ಮನಿರಲಾದೀತೆ? “ತಪ್ಪಾತ್ರಿ ಕಾಕು” ಅಂತ ಹಿಡಿದ ಕೈ ಬಿಟ್ಟು, ಬಗ್ಗಿ, ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಿಂದಿನ ಜೋಡಿ ಬಂದು ನಮಗೆ ಢಿಕ್ಕಿ ಹೊಡೆಯಿತು. ಮತ್ತೆ ತುಳಿದೆ, ಮತ್ತೆ ಬಗ್ಗಿದೆ.

“ಥಾಂಬೂ ನಕಾ!” ನಿಲ್ಲಬೇಡಿ ಅಂತ ಮಾಸ್ತರರು ಕೂಗಿದರು.

ಅಲ್ಲಿತನಕ ಮರಾಠಿಯಲ್ಲೇ ಮಾತಾಡಿದ್ದ ಕಾಕು ಮೆಲ್ಲಗೆ ಕನ್ನಡದಲ್ಲಿ ಅಂದರು: “ತುಳದ್ರ ತುಳಿ, ಬಿಡಪಾ. ಮನ್ಯಾಗ ನನ್ನ ಕಾಲಿಗೆ ಅಡ್ಡ ಬರಾವ್ರ ಈಗ ಯಾರೂ ಇಲ್ಲ. ಕಡೀಕ ಎಲ್ಲಾ ಕೂಡಿಸಿ ಒಮ್ಮೆ ನಮಸ್ಕಾರ ಮಾಡೀಯಂತ.”

ಹಾಡು ಮುಗಿದಾಗ ಮಾತಿನಂತೆ ಬಗ್ಗಿದೆ. ಆ ಹೊತ್ತಿಗೆ ನನ್ನ ಕಾಲನ್ನೂ ಸಾಕಷ್ಟು ತುಳಿದಿದ್ದ ಕಾಕು, ನಾನು ಬೇಡವೆನ್ನುವಷ್ಟರಲ್ಲಿ, ತಾವೂ ಬಗ್ಗಿದರು. ಕೋಣೆಯ ಆ ತುದಿಗೂ ಕೇಳುವಂತೆ ಹಣೆಗೆ ಹಣೆ ತಾಗಿತು.

ಅಷ್ಟು ಮಾತ್ರ ಮಾಸ್ತರರು ಹೇಳಿಕೊಟ್ಟಂತೆಯೇ ಆಯಿತು.